ದಮ್ಮು ಅಂತ ಬರೀರಿ ಎಂದರು ಭಾವ

ಡಾಕ್ಟರು ಚೀಟಿ ಬರೆಯಲು ಪೆನ್ನು ಎತ್ತುತ್ತಿದ್ದಂತೆ ನನ್ನ ಭಾವ, ಅಂದರೆ ಗಂಡನ ಅಣ್ಣ, ಎದ್ದು ಅವರ ಕೈ ಹಿಡಿದರು.

“ಕ್ಯಾನ್ಸರ್ ಅಂತ ಬರೀಬ್ಯಾಡ್ರಿ ಸಾಹೇಬ್ರೆ, ದಮ್ಮು ಅಂತ ಬರೀರಿ. ತಮ್ಮನ ಮಗಳಿಗೆ ಗಂಡು ನೋಡ್ತಾ ಇದೀವಿ. ನಮ್ಮೂರು ನಲ್ಲೂರಾಗೆ ಸುದ್ದಿ ಹಬ್ಬಿದ್ರೆ ಯಾರು ಬರ್ತಾರೆ?”

ಎಂಬತ್ತನೇ ಇಸವಿಯ ಆಸುಪಾಸಿನ ಮಾತು, ದಾವಣಗೆರೆಯ ಆಸ್ಪತ್ರೆ. ನನ್ನ ಗಂಡನ ಬಲಗಡೆ ಶ್ವಾಸಕೋಶದಲ್ಲಿ ಗಡ್ಡೆ ಇತ್ತು. ಅವರು ಹೊರಗೆ ಬೆಂಚಿನ ಮೇಲೆ ಕೆಮ್ಮುತ್ತ ಕೂತಿದ್ದರು. ಆ ಚೀಟಿ ಹಿಡಿದು ನಾವು ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಿತ್ತು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಬೆಂಗಳೂರಿನವರು ಈ ಚೀಟಿ ನೋಡಿಯೇ ಔಷಧಿ ಕೊಡುತ್ತಾರೆ ಎಂದು ತಿಳಿಯಲು ಓದು ಬೇಕೆ? ಸೆರಗು ಬಿಗಿದು ಎದ್ದು ನಿಂತೆ.

“ಇದ್ದದ್ದು ಇದ್ದಂಗೆ ಬರೀರಿ ಸಾಹೇಬ್ರೆ. ಯಾವ ಕಡೆ ಐತೆ, ಎಷ್ಟು ದಪ್ಪ ಐತೆ, ಎಲ್ಲಾ ಬರೀರಿ. ಭಾವಾರೇ, ದಮ್ಮಿನ ಔಷಧಿ ಕುಡ್ಕಂಡು ಇವ್ರು ಸತ್ರೆ, ಸೂತಕದ ಮನೆಗೆ ಗಂಡು ಬರ್ತಾನಾ?”

ಭಾವ ಡಾಕ್ಟರ ಕೈ ಬಿಟ್ಟರು. ಡಾಕ್ಟರು ಪುಟ ತುಂಬ ಬರೆದರು.

ಬೆಂಗಳೂರಿನ ಡಾಕ್ಟರು ಅದನ್ನು ಓದಿ, ಬೇರೆ ರೋಗ ಹುಡುಕುತ್ತ ಕೂರದೆ, ಅದೇ ವಾರ ಆಪರೇಷನ್ ಮಾಡಿದರು. ಗಡ್ಡೆ ಇನ್ನೂ ಹರಡಿರಲಿಲ್ಲ.

ನನ್ನ ಗಂಡ ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಸಾರಿಗೆ ಉಪ್ಪು ಕಡಿಮೆ ಎಂದು ನನ್ನ ಮೇಲೆ ಕೂಗಾಡುತ್ತ ಬಹಳ ವರ್ಷ ಬದುಕಿದರು. ಭಾವನವರ ಎದುರು ಅವತ್ತು ಮೊದಲ ಸಲ ತೆರೆದ ಬಾಯಿಯನ್ನು ನಾನು ಮತ್ತೆ ಮುಚ್ಚಲಿಲ್ಲ.