ಸಾವಿತ್ರಕ್ಕ ತೋರಿಸಿದ ಬೆಂಗಳೂರು

ಬೆಂಗಳೂರಿನಲ್ಲಿ ನೋಡುವಂಥದ್ದು ಏನಿದೆ ಎಂದು ನಮ್ಮ ಸಾವಿತ್ರಕ್ಕನನ್ನು ಕೇಳಿ ನೋಡಿ. ವಿಧಾನಸೌಧ ಅನ್ನುವುದಿಲ್ಲ, ಲಾಲ್‌ಬಾಗ್ ಅನ್ನುವುದಿಲ್ಲ. "ಆಸ್ಪತ್ರೆ ಹಿಂದ್ಗಡೆ ಒಂದು ಹೊಂಗೆ ಮರ ಐತೆ" ಅನ್ನುತ್ತಾರೆ!

ಸಾವಿತ್ರಕ್ಕ ಆಲೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಬ್ಲೌಸ್ ಹೊಲಿಯುತ್ತಾರೆ. (ನನ್ನ ಅಳತೆ ವರ್ಷವರ್ಷ ಬದಲಾಗುವುದು ಅವರಿಗೆ ಮಾತ್ರ ಗೊತ್ತು. ಹಾಗಂತ ನಂಬಿದ್ದೇನೆ.) ಮಗಳು ದಿವ್ಯಾಗೆ ಇಪ್ಪತ್ತೆರಡು. ಹೋದ ಭಾನುವಾರ ಅವಳಿಗೆ ಬೆಂಗಳೂರಿನಲ್ಲಿ ಒಂದು ಪರೀಕ್ಷೆ. ಶನಿವಾರವೇ ಮೂವರೂ ಬಸ್ ಹತ್ತಿ ಹೋಗಿ ನನ್ನ ತಂಗಿಯ ಮನೆಯಲ್ಲಿ ಉಳಿದೆವು.

ಪರೀಕ್ಷೆ ಹನ್ನೊಂದೂವರೆಗೇ ಮುಗಿಯಿತು. ಊರಿನ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ದಿವ್ಯಾ ಮೊಬೈಲ್ ತೆಗೆದು, ಯಾರಿಗೂ ಗೊತ್ತಿಲ್ಲದ ಜಾಗಗಳನ್ನು ಹುಡುಕಿದಳು. ಮೊದಲನೆಯದೇ ಒಂದು ಕೆಫೆ. ಹೋಗಿ ನೋಡಿದರೆ ಬಾಗಿಲಾಚೆಗೂ ಕ್ಯೂ. ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಇಷ್ಟೊಂದು ಜನ ಹೇಗೆ ಬಂದರು?

"ಬನ್ರೇ, ನನಗೆ ಗೊತ್ತಿರೋ ಜಾಗ ತೋರಿಸ್ತೀನಿ" ಅಂದರು ಸಾವಿತ್ರಕ್ಕ.

ದಿವ್ಯಾಗೆ ನಾಲ್ಕು ವರ್ಷವಿದ್ದಾಗ ಹೃದಯದ ಆಪರೇಷನ್ ಆಗಿತ್ತು. ಎರಡು ತಿಂಗಳು ಆಸ್ಪತ್ರೆ. ಅಪ್ಪ ಊರಿನಲ್ಲಿ, ಅಮ್ಮ ಇಲ್ಲಿ. ಮಗುವಿದ್ದ ವಾರ್ಡಿನೊಳಗೆ ಬಿಡುತ್ತಿದ್ದುದು ದಿನಕ್ಕೆ ಎರಡೇ ಹೊತ್ತು. ಉಳಿದ ಹೊತ್ತೆಲ್ಲ ಸಾವಿತ್ರಕ್ಕ ಒಬ್ಬರೇ ಆ ದೊಡ್ಡ ಊರಿನಲ್ಲಿ ನಡೆಯುತ್ತಿದ್ದರಂತೆ. ಇದು ನನಗೂ ಗೊತ್ತಿರಲಿಲ್ಲ, ದಿವ್ಯಾಗೂ.

ಹೊಂಗೆ ಮರ ಇನ್ನೂ ಇತ್ತು! ಕೆಳಗಿನ ಸಿಮೆಂಟ್ ಬೆಂಚಿನ ಮೇಲೆ ಅರಳು ಚೆಲ್ಲಿದ ಹಾಗೆ ಹೂವು. ಹತ್ತೇ ಹೆಜ್ಜೆ ಆಚೆ ಹಾರ್ನುಗಳ ಗಲಾಟೆ, ಇಲ್ಲಿ ಜೇನಿನ ಗುಂಯ್. ಸಾವಿತ್ರಕ್ಕ ಕಣ್ಣು ಮುಚ್ಚಿ ಕೂತರು. "ಇಲ್ಲಿ ಕೂತ್ರೆ ಫಿನಾಯಿಲ್ ವಾಸ್ನೆ ಬರ್ತಿರ್ಲಿಲ್ಲ ಕಣೇ."

ಅಲ್ಲಿಂದ ಒಂದು ಗಲ್ಲಿ. ಮನೆಗಳ ಮೆಟ್ಟಿಲುಗಳ ಮೇಲೆ ಹೆಂಗಸರು ಕಾಕಡ ಹೂವು ಕಟ್ಟುತ್ತ ಕೂತಿದ್ದರು. ಗಲ್ಲಿಯೆಲ್ಲ ಘಮ. "ನನಗೆ ತಮಿಳು ಬರಾಕಿಲ್ಲ, ಅವ್ರಿಗೆ ನನ್ನ ಕನ್ನಡ ಅರ್ಧಂಬರ್ಧ. ಜೊತೇಲಿ ಕೂತು ಹೂವು ಕಟ್ತಿದ್ದೆ. ಕಾಫಿ ಕೊಡೋರು" ಅಂದರು. ಆಗಿನವರು ಯಾರೂ ಈಗಿರಲಿಲ್ಲ. ಆದರೂ ಒಬ್ಬಾಕೆ ಸರಿದು ಜಾಗ ಬಿಟ್ಟಳು. ಸಾವಿತ್ರಕ್ಕ ಒಂದು ಮೊಳ ಕಟ್ಟಿಯೇ ಎದ್ದರು.

ಕೊನೆಗೆ ಸಿಟಿ ಬಸ್ಸಿನಲ್ಲಿ ಒಂದು ಕೆರೆಗೆ. ಹೆಸರು ಅವರಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ; ದಾರಿ ಮಾತ್ರ ಮರೆತಿರಲಿಲ್ಲ. ಕಲ್ಲಿನ ಮೆಟ್ಟಿಲು, ಅಲುಗದ ನೀರು, ಅದರಲ್ಲಿ ತಲೆಕೆಳಗಾದ ಅಪಾರ್ಟ್‌ಮೆಂಟುಗಳು. ಬಿಳಿ ಕೊಕ್ಕರೆಯೊಂದು ಆ ಮಹಡಿಗಳ ಮೇಲೆ ನಿಧಾನ ಹೆಜ್ಜೆ ಹಾಕುತ್ತಿತ್ತು. ನಾವೂ ಆ ನೀರಿನೊಳಗೇ ಇದ್ದೇವೇನೋ ಅನ್ನಿಸುವಂಥ ಮೌನ.

ಸಾವಿತ್ರಕ್ಕ ಮೇಲಿನ ಮೆಟ್ಟಿಲಿಗೆ ಬಂದು ನಿಂತರು. ನೀರು ನೋಡುತ್ತಲೇ ಮಗಳಿಗೆ ಹೇಳಿದರು.

"ಆಪರೇಷನ್ ಆಗಿ ಒಂದು ವಾರ ಆದ್ರೂ ನೀನು ಕಣ್ಣು ಸರಿಯಾಗಿ ಬಿಟ್ಟಿರ್ಲಿಲ್ಲ. ನನ್ನ ಕೈಲಿ ನೋಡಾಕೆ ಆಗ್ಲಿಲ್ಲ ಕಣೇ. ವಾಪಸ್ ಹೋಗೋದೇ ಬ್ಯಾಡ ಅಂತ ಸಿಕ್ಕಿದ ಬಸ್ ಹತ್ತಿಬುಟ್ಟೆ. ಅದು ಇಲ್ಲಿಗೆ ಬಂತು."

ದಿವ್ಯಾ ಅಮ್ಮನನ್ನೇ ನೋಡುತ್ತಿದ್ದಳು. ಒಬ್ಬ ತಾಯಿ ಇದನ್ನು ಮಗಳೆದುರು ಹೇಳಬೇಕಿತ್ತೇ? ಹದಿನೆಂಟು ವರ್ಷ ಎಲ್ಲಿ ಇಟ್ಟುಕೊಂಡಿದ್ದರೋ!

"ಮತ್ತೆ ವಾಪಸ್ ಯಾಕೆ ಬಂದೆ ಅಮ್ಮ?"

"ನಾಕು ಗಂಟೆಗೆ ನಿನಗೆ ಎಳನೀರು ಕುಡಿಸ್ಬೇಕಾಗಿತ್ತು. ಚಮಚದಲ್ಲಿ. ನರ್ಸ್ ಕುಡಿಸಿದ್ರೆ ಉಗುಳ್‌ಬುಡ್ತಿದ್ದೆ ನೀನು."

ಅಷ್ಟೇ ಕಾರಣ. ದೊಡ್ಡ ಮಾತಿಲ್ಲ, ತ್ಯಾಗದ ಭಾಷಣವಿಲ್ಲ.

ದಿವ್ಯಾ ಚಪ್ಪಲಿ ಬಿಟ್ಟು ಎರಡು ಮೆಟ್ಟಿಲು ಇಳಿದಳು. "ಎಲ್ಲಿ ಕೂತಿದ್ದೆ? ಇಲ್ಲೇನಾ?" ಸಾವಿತ್ರಕ್ಕ ಇನ್ನೂ ಒಂದು ಮೆಟ್ಟಿಲು ಕೆಳಗೆ ತೋರಿಸಿದರು. ಮಗಳು ಅಲ್ಲೇ ಕೂತು, ಅಮ್ಮನನ್ನು ಕೈಹಿಡಿದು ಇಳಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಮೇಲೇ ಉಳಿದೆ. ಕೆಲವು ಜಾಗಗಳಿಗೆ ಎಲ್ಲರೂ ಇಳಿಯಬಾರದು.

ನಿಮ್ಮ ಅಮ್ಮ ಒಬ್ಬರೇ ಕೂತಿದ್ದ ಜಾಗ ಎಲ್ಲಿದೆ, ಒಮ್ಮೆಯಾದರೂ ಕೇಳಿದ್ದೀರಾ?