ತುಪ್ಪ ಬೇಡವೆಂದು ನಾಲ್ಕು ಊರು ಸುತ್ತಿದ್ದು

ನಾನು ಹಾಲು ಬಿಟ್ಟ ಸುದ್ದಿಗೆ ಮೊದಲು ಸಿಟ್ಟಾದವನು ನನ್ನ ಅಣ್ಣ. ಅವನ ಸಿಟ್ಟಿಗೆ ಕಾರಣವಿತ್ತು. ಜಂಗಮಕೋಟೆಯ ಪಕ್ಕದ ನಮ್ಮ ಊರಿನಲ್ಲಿ ಅವನಿಗೆ ಹಿಪ್ಪುನೇರಳೆ ತೋಟವಿದೆ, ರೇಷ್ಮೆಹುಳು ಸಾಕುವ ಮನೆಯಿದೆ, ಕೊಟ್ಟಿಗೆಯಲ್ಲಿ ಆರು ಸೀಮೆ ಹಸುಗಳಿವೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆ ನಮ್ಮದು.

“ನೀನು ಮಾಂಸ ಬಿಟ್ಟೆ, ನಾನು ಸುಮ್ನಿದ್ದೆ. ಮೊಟ್ಟೆ ಬಿಟ್ಟೆ, ಆಗ್ಲೂ ಸುಮ್ನಿದ್ದೆ. ಈಗ ಹಾಲೂ ಬೇಡ ಅಂದ್ರೆ ಮನೆಗೆ ಬಂದವಳಿಗೆ ಏನು ಕೊಡೋದಮ್ಮ? ಹಿಪ್ಪುನೇರಳೆ ಸೊಪ್ಪಾ?” ಎಂದ.

ನನಗಾಗ ನಲವತ್ತೆಂಟು. ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಕೆಲಸ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ವಾಸ. ಹೊಟ್ಟೆ ಕೆಟ್ಟು ಮೂರು ವಾರ ಹಾಲು ಮೊಸರು ಮುಟ್ಟಿರಲಿಲ್ಲ. ಆಮೇಲೆ ಒಂದು ಭಾನುವಾರ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಕರುವನ್ನು ಕೆಚ್ಚಲಿನಿಂದ ಎಳೆದು ಗೂಟಕ್ಕೆ ಕಟ್ಟುತ್ತಿದ್ದರು. ಹುಟ್ಟಿದಾಗಿನಿಂದ ನೋಡಿದ್ದೇ. ಅವತ್ತು ಯಾಕೋ ನೋಡಲಾಗಲಿಲ್ಲ. ಅಷ್ಟೇ, ಅದಕ್ಕಿಂತ ದೊಡ್ಡ ಕಥೆಯೇನೂ ಇಲ್ಲ.

ಅತ್ತಿಗೆ ಮಾತ್ರ ಸಿಟ್ಟಾಗಲಿಲ್ಲ. ಅವಳು ನನ್ನ ಅಣ್ಣನ ಹೆಂಡತಿ, ನನಗಿಂತ ಆರು ವರ್ಷ ದೊಡ್ಡವಳು. ಆ ಆರೂ ಹಸುಗಳ ಹಾಲು ಕರೆಯುವವಳು ಅವಳೇ. ಸೆರಗಿಗೆ ಕೈ ಒರೆಸುತ್ತಾ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

“ಅಮ್ಮಣ್ಣಿ, ಪ್ರಾಣಿದು ಏನೂ ಬೇಡ ಅಂದ್ಯಲ್ಲ, ರೇಷ್ಮೆನೂ ಹುಳದ್ದೇ ಅಲ್ವಾ?”

“ಹೌದು ಅತ್ತಿಗೆ.”

“ಹಂಗಾದ್ರೆ ನಿನ್ನ ರೇಷ್ಮೆ ಸೀರೆಗಳು?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮುಂದಿನ ವಾರ ನನ್ನ ಒಂಬತ್ತು ರೇಷ್ಮೆ ಸೀರೆಗಳು ಅತ್ತಿಗೆಯ ಬೀರು ಸೇರಿದವು. ಅವತ್ತಿನಿಂದ ನನ್ನ ಹೊಸ ಪಥ್ಯಕ್ಕೆ ಅವಳಷ್ಟು ನಿಷ್ಠಾವಂತ ಬೆಂಬಲಿಗರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಮನೆಯಲ್ಲಿ ಅಡುಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಹೊರಗೆ. ನನಗೆ ಹೋಟೆಲ್ ಊಟವೆಂದರೆ ಪ್ರಾಣ. ಭಾನುವಾರ ಅಡುಗೆ ಮಾಡುವುದಿಲ್ಲ ಎಂಬುದು ಕೆಲಸಕ್ಕೆ ಸೇರಿದಾಗಿನಿಂದ ನಾನು ಪಾಲಿಸಿಕೊಂಡು ಬಂದ ಒಂದೇ ಶಿಸ್ತು. “ಮನೇಲಿ ಕೂತು ಅಳಬೇಡ, ಹುಡುಕಣ ನಡಿ” ಎಂದಳು ಅತ್ತಿಗೆ. ಭಾನುವಾರ ಬೆಳಗಿನ ಹಾಲು ಕರೆದು, ಕ್ಯಾನು ಡೇರಿಗೆ ಕಳಿಸಿ, ನನ್ನದೇ ಹಳೆಯ ಸೀರೆಯೊಂದನ್ನು ಉಟ್ಟು ಬಸ್ಸಿನಲ್ಲಿ ಬಂದಿಳಿಯುತ್ತಿದ್ದಳು. ನಾನು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತಿಸಿಕೊಳ್ಳುತ್ತಿದ್ದೆ.

ಮೊದಲ ಭಾನುವಾರ ಚಿಕ್ಕಬಳ್ಳಾಪುರದಲ್ಲೇ ಒಂದು ದರ್ಶಿನಿಗೆ ಹೋದೆವು. ಗಲ್ಲಾದಲ್ಲಿ ಕೂತಿದ್ದವರನ್ನು “ಸಾರ್, ನಿಮ್ಮಲ್ಲಿ ವೀಗನ್ ಏನಾದ್ರೂ ಇದೆಯಾ?” ಎಂದು ಕೇಳಿದೆ.

ಅವರು ಎದ್ದು ನಿಂತು ಹೊರಗೆ ಕತ್ತು ಹಾಕಿ, “ಯಾವ ಬಣ್ಣದ್ದು ಮೇಡಂ? ಗೇಟಿಗೆ ಅಡ್ಡ ನಿಲ್ಲಿಸಿದ್ದೀರಾ?” ಎಂದರು. ವ್ಯಾನು ಎಂದು ಕೇಳಿಸಿತ್ತು.

ಅತ್ತಿಗೆ ನಕ್ಕ ರಭಸಕ್ಕೆ ಟೋಕನ್ ಡಬ್ಬಿ ಉರುಳಿತು. ನಾನು ಬಿಡಿಸಿ ಹೇಳಿದೆ: ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಇರಬಾರದು. ಅವರ ಮುಖ ಪೂರ್ತಿ ಬಾಡಿತು. “ನಮ್ಮಲ್ಲಿ ಎಲ್ಲಾ ಶುದ್ಧ ತುಪ್ಪದಲ್ಲೇ ಮೇಡಂ” ಎಂದು ಗೋಡೆಯ ಬೋರ್ಡು ತೋರಿಸಿದರು. ಅತ್ತಿಗೆ ಒಂದು ಕೇಸರಿಬಾತ್ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಇಷ್ಟು ವರ್ಷ ಮನೆಯಲ್ಲಿ ಬೆಣ್ಣೆ ಕಾಯಿಸಿದ ಮೂಗು ಅದು. ಒಮ್ಮೆ ಮೂಸಿದಳು, ಇನ್ನೊಮ್ಮೆ ಮೂಸಿದಳು, ಮುಖ ಅರಳಿತು.

“ತಿನ್ನು ಅಮ್ಮಣ್ಣಿ! ತುಪ್ಪ ಅಲ್ಲ, ಡಾಲ್ಡಾ!”

ದರ್ಶಿನಿಯೆಲ್ಲ ನಮ್ಮ ಕಡೆ ತಿರುಗಿತು. ಗಲ್ಲಾದವರು ಕೈಮುಗಿದು, “ಅಮ್ಮ, ಸ್ವಲ್ಪ ಮೆತ್ತಗೆ” ಎಂದರು. ಹೋಟೆಲಿನವರ ಮೋಸಕ್ಕೆ ಅಷ್ಟು ಸಂತೋಷಪಟ್ಟ ಗಿರಾಕಿಗಳು ಅವರಿಗೆ ಸಿಕ್ಕಿರಲಾರರು. ನಾನು ಎರಡು ಪ್ಲೇಟ್ ತಿಂದೆ.

ಆಮೇಲಿನ ಭಾನುವಾರ ಗೌರಿಬಿದನೂರಿಗೆ ಬಸ್ಸು ಹತ್ತಿದೆವು. ಅಲ್ಲೊಂದು ಬಾಳೆಲೆ ಊಟದ ಹೋಟೆಲ್ಲು ಚೆನ್ನಾಗಿದೆಯೆಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಬಡಿಸುತ್ತಿದ್ದವರು ಎಪ್ಪತ್ತರ ಹತ್ತಿರದ ಯಜಮಾನರು, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಕೂತವರಿಗೆಲ್ಲ ಅನ್ನದ ಮೇಲೆ ತುಪ್ಪ ಬಿಡುತ್ತಾ ನಮ್ಮ ಸಾಲಿಗೆ ಬಂದರು. ಬೇಡವೆಂದೆ. ಅವರು ನಿಲ್ಲಿಸಲಿಲ್ಲ. ಅತ್ತಿಗೆ ನನ್ನ ಎಲೆಯ ಮೇಲೆ ಎರಡೂ ಕೈ ಚಾಚಿ ಅಡ್ಡ ಬಾಗಿದಳು.

“ಅಯ್ಯೋ, ನೆಯ್ಯಿ ಲೇಕುಂಡಾ ಭೋಜನಮಾ?” ತುಪ್ಪವಿಲ್ಲದೆ ಊಟವೇ ಎಂದು ಅವರಿಗೆ ನಿಜವಾಗಿ ಬೇಜಾರಾಯಿತು. “ಒಂದು ಚಮಚ ಏನೂ ಮಾಡಲ್ಲಮ್ಮ. ಯಾಕೆ, ಹರಕೆನಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, “ಹ್ಞೂ ಸ್ವಾಮಿ, ಮನೆ ದೇವ್ರಿಗೆ. ಹಾಲಿಂದು ಏನೂ ಮುಟ್ಟಂಗಿಲ್ಲ” ಎಂದಳು.

ಆ ಒಂದು ಮಾತಿಗೆ ಇಡೀ ಹೋಟೆಲ್ಲು ನನ್ನ ಕಡೆಗಾಯಿತು. ಯಜಮಾನರು ತುಪ್ಪದ ಗಿಂಡಿಯನ್ನು ದೂರ ಇಟ್ಟು, ಕೈ ತೊಳೆದು ಬಂದು ನನಗೆ ಬೇರೆ ಸೌಟಿನಲ್ಲಿ ಬಡಿಸಿದರು. ಅಡುಗೆಮನೆಗೆ ಕೂಗಿ ಪಲ್ಯದ ಒಗ್ಗರಣೆ ಯಾವುದರದ್ದೆಂದು ವಿಚಾರಿಸಿದರು. ಪಾಯಸದ ಬದಲು ಬೆಲ್ಲ, ಬಾಳೆಹಣ್ಣು ತಂದರು. ಹೊರಡುವಾಗ ದೇವರಿಗೆಂದು ಒಂದು ತೆಂಗಿನಕಾಯಿ ಕೊಟ್ಟು, “ನನ್ನ ಮೊಮ್ಮಗಳ ಮದುವೆ ಬೇಗ ಆಗ್ಲಿ ಅಂತ ಕೇಳ್ಕೊಳ್ಳಮ್ಮ” ಎಂದರು.

ಬಸ್ಸಿನಲ್ಲಿ ಅತ್ತಿಗೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ನನಗೆ ಮಡಿಲಲ್ಲಿದ್ದ ಕಾಯಿ ಭಾರವಾಗಿತ್ತು. ದೇವಸ್ಥಾನಕ್ಕೆ ಹೋಗಲೇಬೇಕು ಎಂದು ಹಟ ಹಿಡಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದವರೇ ಸಿಕ್ಕಿದ ಮೊದಲ ದೇವಸ್ಥಾನದಲ್ಲಿ ಕಾಯಿ ಒಡೆಸಿ, ಹೆಸರೂ ಗೊತ್ತಿಲ್ಲದ ಆ ಮೊಮ್ಮಗಳಿಗೆ ಮನಸಾರೆ ಬೇಡಿಕೊಂಡೆವು. ಆಮೇಲೆ ಮೆಟ್ಟಿಲ ಮೇಲೆ ಕೂತು ಅರ್ಧ ಕಾಯಿಯನ್ನು ತಿಂದು ಮುಗಿಸುವಾಗ ನನಗೂ ನಗು ತಡೆಯಲಾಗಲಿಲ್ಲ.

ಹರಕೆಯ ಮಾತು ಎಲ್ಲ ಕಡೆ ನಡೆಯಿತು. ನಡೆಯದೆ ಹೋದದ್ದು ಮುರುಗಮಲ್ಲದಲ್ಲಿ. ಆ ಕಡೆ ಅತ್ತಿಗೆಯ ಚಿಕ್ಕಮ್ಮನ ಮನೆಗೆ ಹೋಗಿ ಬರುವಾಗ ಹಸಿವಾಗಿ ದರ್ಗಾದ ರಸ್ತೆಯಲ್ಲಿ ಒಂದು ಸಣ್ಣ ಅಂಗಡಿಗೆ ನುಗ್ಗಿದ್ದೆವು. ಅಂಗಡಿಯಾಕೆ ಪೂರಿ ಕರಿಯುತ್ತಿದ್ದರು. ಹಾಲು ತುಪ್ಪ ಬೇಡವೆಂದ ಕೂಡಲೇ ಜಾಲರಿ ಸೌಟನ್ನು ಕೆಳಗಿಟ್ಟು, “ಮನ್ನತ್ತಾ ಅಮ್ಮಾ? ಯಾರಿಗೆ ಹುಷಾರಿಲ್ಲ?” ಎಂದು ನನ್ನ ಕೈ ಹಿಡಿದುಕೊಂಡರು.

ಆ ದರ್ಗಾಕ್ಕೆ ಬರುವವರಲ್ಲಿ ಎಷ್ಟೋ ಮಂದಿ ನಿಜವಾದ ಕಷ್ಟ ಹೊತ್ತು ಬಂದವರು. ಅತ್ತಿಗೆಗೂ ಅಲ್ಲಿ ಹರಕೆಯ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಾನು ಇದ್ದದ್ದನ್ನು ಹೇಳಿದೆ. “ಹರಕೆ ಇಲ್ಲಮ್ಮ. ಹಸುವಿನ ಹಾಲು ಕರುಗೇ ಇರ್ಲಿ ಅಂತ ನಾನಾಗೇ ಬಿಟ್ಟೆ.”

ನಗುತ್ತಾರೆಂದುಕೊಂಡೆ. ಅವರು ತಲೆ ಒಂದು ಕಡೆ ವಾಲಿಸಿ ಯೋಚಿಸಿದರು. “ಬರೋಬ್ಬರ್ ಐತೆ. ನಮ್ಮ ಮೇಕೆನೂ ಮರಿ ಕುಡೀಲಿಲ್ಲ ಅಂದ್ರೆ ರಾತ್ರಿಯೆಲ್ಲ ಕೂಗ್ತದೆ” ಎಂದರು. ಕಡಲೇಕಾಯಿ ಎಣ್ಣೆಯಲ್ಲಿ ಕರಿದ ಪೂರಿ, ಆಲೂಗಡ್ಡೆ ಸಾಗು ಕೊಟ್ಟರು. ಹಾಲಿಲ್ಲದ ಚಹಾಕ್ಕೆ ನಿಂಬೆ ಹಿಂಡಿದರು. “ಚಿಂತಾಮಣಿಯಲ್ಲಿ ಒಬ್ಬರು ಮುದ್ದೆ ಮೆಸ್ಸು ಇಟ್ಟಿದ್ದಾರೆ. ನಮ್ಮ ತಂಗಿ ಅವ್ರಿಗೆ ಸೊಪ್ಪು ಹಾಕ್ತಾಳೆ. ಅಲ್ಲಿಗೆ ಹೋಗಿ, ನಿಮಗೆ ಬೇಕಾಗಿದ್ದು ಸಿಕ್ತದೆ” ಎಂದು ದಾರಿಯನ್ನೂ ಹೇಳಿದರು.

ಹೀಗೆ ಮುಂದಿನ ವಾರ ಚಿಂತಾಮಣಿಯ ಆ ಮೆಸ್ಸು ಹುಡುಕಿಕೊಂಡು ಹೋದೆವು. ಮನೆಯ ಮುಂದಿನ ಹಜಾರದಲ್ಲಿ ನಾಲ್ಕು ಮೇಜು, ಬೋರ್ಡು ಕೂಡ ಇಲ್ಲ. ನಡೆಸುವಾಕೆ ಅರವತ್ತು ದಾಟಿದವರು, ದಪ್ಪ ಕನ್ನಡಕ, ಮುದ್ದೆ ಕಟ್ಟುವ ಕೈಗಳು ಪೈಲ್ವಾನರ ಹಾಗೆ. ನಾನು ನನ್ನ ಉದ್ದದ ಪಟ್ಟಿ ಒಪ್ಪಿಸಿದೆ.

“ಅಷ್ಟೇನಾ?” ಎಂದರು ಅವರು. “ಮುದ್ದೆ, ಹುರುಳಿಕಾಳು ಬಸ್ಸಾರು, ಸೊಪ್ಪಿನ ಪಲ್ಯ, ಹುಚ್ಚೆಳ್ಳು ಚಟ್ನಿ. ಇದರಲ್ಲಿ ಹಾಲೆಲ್ಲಿಂದ ಬರ್ಬೇಕಮ್ಮ? ನಮ್ಮಮ್ಮ ದಿನಾ ಮಾಡ್ತಿದ್ದಿದ್ದೇ ಇದು. ಅವಾಗ ಮುದ್ದೆಗೆ ತುಪ್ಪ ಹಾಕ್ಕೊಳ್ಳೋ ಸಾಹುಕಾರ್ರು ಊರಿಗೆ ಎಷ್ಟು ಜನ ಇದ್ರು?”

ನಾನು ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ನುಂಗಿದೆ. ಬೆಳ್ಳುಳ್ಳಿಯ ಘಮ ನೆತ್ತಿಗೇರಿತು. ನನ್ನ ಬಾಲ್ಯದ ಊಟವೇ ಅದು. ಇದನ್ನು ಹುಡುಕಲು ದರ್ಶಿನಿಗಳಲ್ಲಿ ಇಂಗ್ಲಿಷ್ ಮಾತಾಡುತ್ತಾ ತಿರುಗಿದೆನಲ್ಲ ಎಂದು ನಾಚಿಕೆಯಾಯಿತು, ನಾಚಿಕೆಯ ಮಧ್ಯೆಯೇ ಇನ್ನೊಂದು ಮುದ್ದೆ ಕೇಳಿದೆ. ಕೊನೆಗೆ ಎಲ್ಲರಿಗೂ ಮೊಸರು ಬಂತು. ನಾನು ಬರಿ ಅನ್ನಕ್ಕೆ ಸಾರು ಹಾಕಿಕೊಂಡು ಮುಗಿಸಿದೆ. ನನಗೇನೂ ಅನ್ನಿಸಲಿಲ್ಲವೆಂದೇ ತಿಳಿದಿದ್ದೆ. ಆದರೆ ಅತ್ತಿಗೆ ನನ್ನ ಮುಖ ನೋಡಿದ್ದಳು.

ಎರಡು ತಿಂಗಳ ಮೇಲೆ ನನಗೆ ಬಡ್ತಿ ಬಂತು. ಕಚೇರಿಯವರು ಊಟ ಕೇಳಿದರು. ಚಿಂತಾಮಣಿಯ ಮೆಸ್ಸಿನಲ್ಲೇ ಕೊಡುತ್ತೇನೆಂದೆ. ಒಂದು ಭಾನುವಾರ ಮಧ್ಯಾಹ್ನ ಐದು ಜನ ಸಹೋದ್ಯೋಗಿಗಳು, ಮುಖ ಗಂಟಿಕ್ಕಿಕೊಂಡ ಅಣ್ಣ, ಎಲ್ಲರೂ ಹಜಾರದಲ್ಲಿ ಕೂತೆವು. ಅತ್ತಿಗೆ ಮುಂಜಾನೆಯೇ ಬಂದು ಮೆಸ್ಸಿನಾಕೆಯ ಜೊತೆ ಅಡುಗೆಮನೆ ಸೇರಿಬಿಟ್ಟಿದ್ದಳು. ಬಡಿಸಲು ಮಾತ್ರ ಹೊರಗೆ ಬರುತ್ತಿದ್ದಳು, ತುಟಿ ಬಿಗಿ ಹಿಡಿದುಕೊಂಡು.

ಕೊನೆಗೆ ಅನ್ನ ಬಂತು. ಅದರ ಹಿಂದೆ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ನಾನು ಎಲೆಗೆ ಕೈ ಅಡ್ಡ ಹಿಡಿದೆ. ಅತ್ತಿಗೆ ನನ್ನ ಕೈಯನ್ನು ಸೌಟಿನಿಂದಲೇ ಸರಿಸಿ, “ಸುಮ್ನೆ ಹಾಕಿಸ್ಕೊ ಕಣೇ” ಎಂದು ಗದರಿ, ಬಡಿಸಿ, ಅಣ್ಣನ ಕಡೆ ಹೋದಳು.

ನಮ್ಮ ಅಣ್ಣನಿಗೆ ಒಂದು ಹೆಮ್ಮೆಯಿದೆ. ಮೊಸರು ಬಾಯಿಗಿಟ್ಟರೆ ಯಾವ ಹಸುವಿನದೆಂದು ಹೇಳಬಲ್ಲೆ ಎನ್ನುತ್ತಾನೆ. ಅವನು ಕಲಸಿ ಒಂದು ತುತ್ತು ತಿಂದ. ಕಣ್ಣು ಮುಚ್ಚಿದ. “ಎಷ್ಟೇ ಆಗ್ಲಿ ಮೊಸರು ಅಂದ್ರೆ ಮೊಸರೇ ಕಣ್ರಪ್ಪ” ಎಂದು ನನ್ನ ಸಹೋದ್ಯೋಗಿಗಳಿಗೆ ಹೇಳಿದ. “ಇದು ನಮ್ಮನೆದೇ. ಬೆಳಿಗ್ಗೆ ಇವಳು ಹೊತ್ಕೊಂಡು ಬಂದಿದ್ದಾಳೆ. ಕಪ್ಪು ಮಚ್ಚೆ ಹಸುದು. ಆ ಜಿಡ್ಡು ಬೇರೆ ಯಾವ ಹಸೂಗೂ ಬರಲ್ಲ.”

ಅಡುಗೆಮನೆಯೊಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಮೆಸ್ಸಿನಾಕೆ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದರು. ಅತ್ತಿಗೆ ಸೌಟು ಹಿಡಿದಂತೆಯೇ ನೆಲಕ್ಕೆ ಕೂತುಬಿಟ್ಟಳು.

“ಕಡ್ಲೇಬೀಜದ ಮೊಸರು ಕಣ್ರೀ ಅದು!” ಎಂದಳು, ಉಸಿರು ಸಿಕ್ಕಿದ ಮೇಲೆ. “ಯಾವ ಮಚ್ಚೆ ಹಸೂನೂ ಅಲ್ಲ!”

ಆಮೇಲೆ ಹೇಳಿದಳು. ಕಡಲೇಬೀಜ ನೆನೆಸಿ ರುಬ್ಬಿ, ಸೋಸಿ, ಆ ಹಾಲನ್ನು ಕಾಯಿಸಿ, ಬೆಚ್ಚಗಿರುವಾಗ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪಿಡಬೇಕಂತೆ. ಫೋನಿನಲ್ಲಿ ನೋಡಿ ಕಲಿತದ್ದು. ಮೊದಲ ಸಲ ನೀರಾಯಿತು. ಎರಡನೆಯ ಸಲ ಹಸಿ ವಾಸನೆ ಬಂದು ಬೆಕ್ಕು ಕೂಡ ಮೂಸಿ ಹೋಯಿತು. ಗಂಡನಿಗೆ ಗೊತ್ತಾಗದಂತೆ ಹುಳುಮನೆಯ ಮೂಲೆಯಲ್ಲಿ, ಆ ಬೆಚ್ಚನೆಯಲ್ಲಿ, ಗಡಿಗೆ ಇಟ್ಟ ಮೇಲೆ ಸರಿಯಾಗಿ ಹೆಪ್ಪುಗಟ್ಟಿತು. ನಾನು ಕಲಸಿದ ಅನ್ನ ಬಾಯಿಗಿಟ್ಟುಕೊಂಡೆ. ಹುಳಿಯಿತ್ತು, ತಂಪಿತ್ತು. ನಾಲ್ಕು ತಿಂಗಳಾಗಿತ್ತು ಮೊಸರನ್ನ ತಿಂದು. ನನಗೆ ನಗುವೋ ಅಳುವೋ ತಿಳಿಯದೆ ಕೆಮ್ಮು ಬಂತು. ಸಹೋದ್ಯೋಗಿಯೊಬ್ಬರು ಬೆನ್ನು ತಟ್ಟಿದರು.

ಅಣ್ಣ ಎಲೆಯಲ್ಲಿದ್ದದ್ದನ್ನೆಲ್ಲ ಬಳಿದು ತಿಂದ. ಆಮೇಲೆ ಗಂಭೀರವಾಗಿ, “ಇನ್ನೊಂಚೂರು ಹಾಕು” ಎಂದ.

ಹತ್ತು ದಿನ ಕಳೆದು ಅವನೇ ಫೋನ್ ಮಾಡಿದ. ರೇಷ್ಮೆಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದಾನಂತೆ, ಬೆಳಿಗ್ಗೆಯೇ ಬಾ ಎಂದ. ಯಾಕೆಂದು ಕೇಳುವಷ್ಟರಲ್ಲಿ ಫೋನ್ ಇಟ್ಟ. ರಜೆ ಹಾಕಿ ಹೋದೆ. ಗೂಡು ಇಳಿಸಿದ ಮೇಲೆ ನನ್ನನ್ನೂ ಅತ್ತಿಗೆಯನ್ನೂ ಕರೆದುಕೊಂಡು ಅಲ್ಲೇ ಹತ್ತಿರದ ಒಂದು ದೋಸೆ ಗಾಡಿಯ ಮುಂದೆ ನಿಲ್ಲಿಸಿ, ನೂಲು ಬಿಚ್ಚುವವರು, ವ್ಯಾಪಾರದವರು ಎಲ್ಲ ಕೇಳುವಂತೆ ಕೂಗಿದ.

“ಏನಪ್ಪಾ, ವೀಗನ್ ದೋಸೆ ಐತಾ?”

ದೋಸೆಯವನು ತಲೆ ಎತ್ತಲಿಲ್ಲ. “ಐತಣ್ಣ. ಎಷ್ಟು ಹಾಕ್ಲಿ?”

ಅಣ್ಣ ಬಾಗಿ ಎಣ್ಣೆ ಡಬ್ಬಿಯ ಮೇಲಿನ ಅಕ್ಷರ ಓದಿದ. ಚಟ್ನಿಗೆ ಬೆರಳದ್ದಿ ಅತ್ತಿಗೆಯ ಮೂಗಿಗೆ ಹಿಡಿದ. ಅವಳು ಕಣ್ಣಲ್ಲೇ ಸರಿ ಎಂದಳು. “ಆರು ಹಾಕಪ್ಪ” ಎಂದು ಅಣ್ಣ ನಮ್ಮ ಕಡೆ ತಿರುಗಿ, ತಾನೇ ಈ ದೋಸೆಯನ್ನು ಕಂಡುಹಿಡಿದವನ ಹಾಗೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡ. ಕಾವಲಿಯ ಮೇಲೆ ಹಿಟ್ಟು ಚುಂಯ್ ಎಂದಿತು. ನಾವು ಮೂವರೂ ಗಾಡಿಗೆ ಇನ್ನಷ್ಟು ಹತ್ತಿರ ಸರಿದು ನಿಂತೆವು.