ಕೊನೆ ಹೊಲಕ್ಕೆ ಸೊನ್ನೆ ಗಂಟೆ

ಇದನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆ. ಎರಡು ಪೇಜಾಯಿತು. ಓದಿ ನೋಡಿದರೆ ಅದರಲ್ಲಿ ನಾನು ಬಹಳ ಸೆನ್ಸಿಟಿವ್ ಹೆಂಗಸಾಗಿ ಕಾಣುತ್ತಿದ್ದೆ. ತಪ್ಪೆಲ್ಲ ಹೇಗೋ ಸಂದರ್ಭದ ತಲೆಗೆ ಹೋಗಿ ಕೂತಿತ್ತು. ಹರಿದು ಹಾಕಿದೆ. ಕನ್ನಡದಲ್ಲಿ ನನಗೆ ಅಷ್ಟು ಚಂದ ಸುಳ್ಳು ಹೇಳಲು ಬರುವುದಿಲ್ಲ.

ಹೊಸಪೇಟೆಯಲ್ಲಿ ಆಗ ತಾನೇ ಒಂದು ಕಂಪ್ಯೂಟರ್ ಕಾಲೇಜು ಶುರುವಾಗಿತ್ತು. ಕಾಲೇಜೆಂದರೆ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ರೂಮು, ನಾಲ್ಕು ಮಷೀನು, ಒಬ್ಬರು ಪ್ರಿನ್ಸಿಪಾಲರು. ಒಂದೇ ವರ್ಷದ ಡಿಪ್ಲೊಮಾ. ಮೆಟ್ಟಿಲ ಹತ್ತಿರದ ಬೋರ್ಡಿನಲ್ಲಿ ಕಾಲೇಜಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಕಲಿಯಿರಿ, ಕೆಲಸ ಹಿಡಿಯಿರಿ’ ಎಂದಿತ್ತು. ಅದಿರಿನ ಲಾರಿಗಳ ಕೆಂಪು ಧೂಳು ಮಷೀನಿಗೆ ಆಗದು ಎಂದು ಎಲ್ಲರೂ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ಲ್ಯಾಬಿಗೆ ಹೋಗಬೇಕಿತ್ತು. ಬಂಡ್ರಿ, ಪಾಪಿನಾಯಕನಹಳ್ಳಿ ಕಡೆಯ ಹುಡುಗರು ಎಷ್ಟು ಒರೆಸಿಕೊಂಡರೂ ನೆಲದ ಮೇಲೆ ಹಿಮ್ಮಡಿಯ ಗುರುತು ಬೀಳುತ್ತಿತ್ತು.

ನನಗಾಗ ಮೂವತ್ತಾರು. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಮಧ್ಯಾಹ್ನ ಖಾಲಿ. ನನ್ನವರು ನೀರಾವರಿ ಇಂಜಿನಿಯರು. ಫೀಸು ಕಟ್ಟಿ ಬಂದವರೇ, “ಏನಮ್ಮಾ ಪ್ರೋಗ್ರಾಮರ್, ಸಾರಿಗೆ ಉಪ್ಪು ಹಾಕೋ ಪ್ರೋಗ್ರಾಮ್ ಮೊದಲು ಬರಿ” ಎಂದರು. ಹತ್ತೊಂಬತ್ತು ಇಪ್ಪತ್ತರ ಮಕ್ಕಳ ನಡುವೆ ನಾನೊಬ್ಬಳು ‘ಮೇಡಂ’. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿದ ನನ್ನ ಇಂಗ್ಲಿಷಿಗೆ ಪ್ರಿನ್ಸಿಪಾಲರೂ ಸ್ವಲ್ಪ ಅಂಜುತ್ತಿದ್ದರು. ಅದು ನನಗೆ ಹಿಡಿಸುತ್ತಿತ್ತು.

ಒಂದು ಮಷೀನಿಗೆ ಇಬ್ಬರು. ನನ್ನ ಜೊತೆಗೆ ಬಿದ್ದವಳು ಕಂಪ್ಲಿ ಕಡೆಯ ಹುಡುಗಿ. ಕಾಲುವೆಯ ದಂಡೆಯ ಹಳ್ಳಿ, ಕನ್ನಡ ಮೀಡಿಯಂ. ತಾಯಿ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಮುಂದಾಳು. ಟೈಪಿಂಗ್ ಬರುತ್ತದೆಂದು ಕೀಬೋರ್ಡಿನ ಮುಂದೆ ನಾನು, ಹಿಂದಿನ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಅವಳು. ಮೊದಲ ದಿನ ಹಾಗೆ ಕೂತದ್ದು, ವರ್ಷವಿಡೀ ಹಾಗೇ ಕೂತೆವು.

ಅಲ್ಲಿಯ ಪದ್ಧತಿ ಹೀಗಿತ್ತು. ಪ್ರೋಗ್ರಾಮನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಅದನ್ನು ಮಷೀನಿಲ್ಲದೆ, ಕೈಯಿಂದಲೇ ಸಾಲುಸಾಲಾಗಿ ನಡೆಸಿ ತೋರಿಸಬೇಕು. ‘ಡ್ರೈ ರನ್’ ಎನ್ನುತ್ತಿದ್ದರು. ಪ್ರಿನ್ಸಿಪಾಲರು ಸಹಿ ಹಾಕಿದರೆ ಮಾತ್ರ ಒಂದು ಗಂಟೆ ಮಷೀನು. ಉಳಿದವರೆಲ್ಲ ಪೆನ್ಸಿಲಿನಿಂದ ಗೀಚುತ್ತಿದ್ದರು. ಇವಳು ಹುಣಸೆ ಬೀಜ ತಂದು ನೆಲದ ಮೇಲೆ ಸುರಿದುಕೊಳ್ಳುತ್ತಿದ್ದಳು.

“ಏನೇ, ಇದು ಕಂಪ್ಯೂಟರ್ ಸೈನ್ಸೋ, ಚೌಕಾಬಾರವೋ?” ಎಂದು ಕಾಡಿಸಿದೆ.

“ಎರಡೂ ಒಂದ ಅದಾವ್ರಿ ಅಕ್ಕಾ. ಇದ್ರಾಗ ಕಾಯಿ ಕಾಣಂಗಿಲ್ಲ, ಅಷ್ಟ.”

ಕ್ಲಾಸಿನಲ್ಲಿ ನನ್ನನ್ನು ಅಕ್ಕಾ ಎನ್ನುತ್ತಿದ್ದವಳು ಅವಳೊಬ್ಬಳೇ.

ಕೊನೆಯ ಪ್ರಾಜೆಕ್ಟಿಗೆ ಎಲ್ಲರೂ ಲೈಬ್ರರಿ, ಮಾರ್ಕ್ಸ್‌ಕಾರ್ಡ್ ಎಂದು ತೆಗೆದುಕೊಂಡರು. ಅವಳು ನೀರಿನ ಸರದಿ ತೆಗೆದುಕೊಂಡಳು. ಕಾಲುವೆಯಲ್ಲಿ ಒಂದು ತೂಬು, ಅಂದರೆ ನೀರು ಬಿಡುವ ಕಿಂಡಿ. ಅದರ ಕೆಳಗೆ ಹನ್ನೊಂದು ಹೊಲ. ಯಾರಿಗೆ ಯಾವಾಗ, ಎಷ್ಟು ಗಂಟೆ? ತೂಬಿನ ಪಕ್ಕದವನೇ ಎಲ್ಲ ಕುಡಿದುಬಿಟ್ಟರೆ ಕೊನೆಯವನ ಗತಿ? “ಅದಕ್ಕ ನಮ್ಮೂರಾಗ ಒಂದ್ ಸಲ ಮ್ಯಾಲಿಂದ, ಒಂದ್ ಸಲ ಕೊನಿಯಿಂದ ಬಿಡ್ತಾರ್ರಿ. ಕಾಲುವಿ ಒಡದು ತಾಸು ತಪ್ಪಿದ್ರ ಮುಂದಿನ ಸರದ್ಯಾಗ ಅವನಿಗೆ ಕೂಡ್ಸಿ ಕೊಡ್ತಾರ.” ಕಾಲುವೆ ನೋಡಿಕೊಳ್ಳುವ ಇಂಜಿನಿಯರನ ಹೆಂಡತಿ ನಾನು, ಅಂದೇ ಮೊದಲು ಇದನ್ನು ಕೇಳಿದ್ದು.

ಇಡೀ ಪ್ರೋಗ್ರಾಮು ಅವಳದು. ನಾನು ಟೈಪು ಮಾಡಿದೆ, ಇಂಗ್ಲಿಷಿನಲ್ಲಿ ರಿಪೋರ್ಟು ಬರೆದೆ. ಪ್ರೋಗ್ರಾಮಿನಲ್ಲಿ ಪ್ರತಿ ಲೆಕ್ಕಕ್ಕೂ ಒಂದು ಹೆಸರಿಡಬೇಕಷ್ಟೆ. ಅವಳು ಇಟ್ಟದ್ದು ಇಂಗ್ಲಿಷ್ ಅಕ್ಷರದಲ್ಲಿ ಅವಳೂರಿನ ಮಾತುಗಳು: ತೂಬು, ಸರದಿ, ತಾಸು, ಕೊನೆ. ‘ಕೊನೆ’ ಎಂದರೆ ಕೊನೆಯ ಹೊಲಕ್ಕೆ ಸಿಗಬೇಕಾದ ಗಂಟೆಗಳು.

ಸಂಡೂರಿನ ಗಣಿ ಆಫೀಸೊಂದು ಆ ವರ್ಷ ಕಾಲೇಜಿನಿಂದ ಒಬ್ಬರನ್ನು ಕೇಳಿತ್ತು. ವೈವಾಕ್ಕೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, ಹೊರಗಿನಿಂದ ಬರುವ ಎಕ್ಸಾಮಿನರ್ ಯಾರ ಹೆಸರು ಹೇಳುತ್ತಾರೋ ಅವರಿಗೆ ಆ ಕುರ್ಚಿ. ಅವಳ ತಾಯಿ ಮೊದಲೇ ಹೇಳಿಬಿಟ್ಟಿದ್ದಳಂತೆ: “ಒಂದ್ ವರ್ಷ ನಾ ಏನೂ ಕೇಳಂಗಿಲ್ಲ. ಕೆಲ್ಸ ಆಗ್ಲಿಲ್ಲ ಅಂದ್ರ ಮಳಿಗಾಲಕ್ಕ ನನ್ ಜೋಡಿ ನಾಟಿಗೆ ಬಾ.” ಇದನ್ನು ಅವಳು ನನಗೆ ನಗುತ್ತಲೇ ಹೇಳಿದ್ದಳು. ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನಲು ದಾರಿಯಿಲ್ಲ.

ವೈವಾದ ಹಿಂದಿನ ಮಧ್ಯಾಹ್ನ ಅವಳು ಊರಿನ ಬಸ್ಸಿಗೆ ಹೋದ ಮೇಲೆ ನಾನೊಬ್ಬಳೇ ಮಷೀನಿನ ಮುಂದೆ ಕೂತೆ. ಪರದೆಯ ಮೇಲೆ ತೂಬು, ತಾಸು ನೋಡಿ ನನಗೆ ಸಂಕೋಚವಾಯಿತು. ಎಕ್ಸ್‌ಟರ್ನಲ್ ಏನೆಂದುಕೊಂಡಾರು? ಒಂದೊಂದನ್ನೇ ಅಳಿಸಿ ಔಟ್‌ಲೆಟ್, ಟರ್ನ್, ಅವರ್ಸ್, ಟೇಲೆಂಡ್ ಎಂದು ಹಾಕುತ್ತಾ ಹೋದೆ. ನೀಟ್ ಆಗಿರಲಿ ಎಂದು ಮಾಡಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಲ್ಲಿ ನನ್ನ ಕೈಯದೂ ಏನಾದರೂ ಇರಲಿ ಎಂಬ ಆಸೆ ಇತ್ತು. ಅವಳ ಡ್ರೈ ರನ್ ನೋಡಿ ಪ್ರಿನ್ಸಿಪಾಲರು ಕ್ಲಾಸಿಗೆಲ್ಲ ಎತ್ತಿ ತೋರಿಸಿದ್ದರು. ಅದೂ ಎಲ್ಲೋ ಚುಚ್ಚುತ್ತಿತ್ತು. ಮುಗಿಸಿ ಫ್ಲಾಪಿಗೆ ಸೇವ್ ಮಾಡಿದ ಕೂಡಲೇ ಕರೆಂಟು ಹೋಯಿತು. ನಡೆಸಿ ನೋಡಲಿಲ್ಲ. ಬೆಳಿಗ್ಗೆ ಪ್ರಿಂಟು ತೆಗೆದು ಫೈಲಿಗೆ ಹಾಕಿದೆ. ಬೆಳಿಗ್ಗೆಯಾದರೂ ಅವಳಿಗೆ ಹೇಳಬಹುದಿತ್ತು. ಅವಳು ಬಸ್ಸು ತಡವಾಗಿ ಓಡಿ ಬಂದಳು, ನಮ್ಮ ನಂಬರು ಕರೆದರು, ಒಳಗೆ ಹೋದೆವು.

ಎಕ್ಸಾಮಿನರ್ ಒಳ್ಳೆಯವರೇ. ನನ್ನ ರಿಪೋರ್ಟಿಗೆ ತಲೆದೂಗಿದರು. “ರನ್ ಮಾಡಿ” ಎಂದರು. ಹೊಲಗಳ ಪಟ್ಟಿ ಒಂದೊಂದೇ ಸಾಲು ಬಂತು. ಹತ್ತನೆಯದರವರೆಗೂ ಸರಿ. ಹನ್ನೊಂದನೆಯ ಹೊಲ: ಸೊನ್ನೆ ಗಂಟೆ.

“ಅಯ್ಯ, ಕೊನೀ ಹೊಲಕ್ಕ ನೀರಿಲ್ಲಲ್ರಿ!” ಎಂದಳು. ಮೊದಲು ಕಂಡದ್ದು ಅವಳಿಗೇ.

“ವೈ?” ಎಂದರು ಅವರು, ಅವಳನ್ನೇ ನೋಡುತ್ತಾ. “ಯು ರೋಟ್ ಇಟ್? ತೋರಿಸಮ್ಮ, ಎಲ್ಲಿ ತಪ್ಪಿದೆ?”

ಅವಳು ಪ್ರಿಂಟಿನ ಮೇಲೆ ಬಾಗಿದಳು. ಬೆರಳು ಮೇಲಿನಿಂದ ಕೆಳಗೆ ಹೋಯಿತು, ಮತ್ತೆ ಮೇಲಕ್ಕೆ ಬಂತು. ಸ್ವಂತ ಮನೆಗೆ ಬಂದು ಬಾಗಿಲು ಸಿಗದವರ ಹಾಗೆ ಹುಡುಕಿದಳು. ತೂಬಿಲ್ಲ, ಸರದಿಯಿಲ್ಲ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ‘ಕೊನೆ’ ಎಂದಿತ್ತು. ನಾನು ಬದಲಿಸಲು ಮರೆತದ್ದು ಅದೊಂದೇ ಸಾಲು, ತಪ್ಪು ಇದ್ದದ್ದೂ ಅದೇ ಸಾಲಿನಲ್ಲಿ. ಮಿಕ್ಕ ಕಡೆಯೆಲ್ಲ ಆ ಲೆಕ್ಕ ಟೇಲೆಂಡ್ ಎಂಬ ಹೆಸರಿನಲ್ಲಿತ್ತು. ಇಲ್ಲಿ ಮಾತ್ರ ಹಳೆಯ ಹೆಸರು. ನಾವು ಕಲಿತ ಆ ಭಾಷೆಯಲ್ಲಿ ಗುರುತಿಲ್ಲದ ಹೆಸರು ಬಂದರೆ ಮಷೀನು ತಕರಾರು ಮಾಡದು, ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತದೆ. ಅವಳಿಗೋ, ಆ ಇಡೀ ಕಾಗದದಲ್ಲಿ ಗುರುತಿದ್ದ ಹೆಸರು ಅದೊಂದೇ. “ಇದು ಸರಿ ಐತಲ್ರಿ...” ಎಂದು ಗೊಣಗಿ, ಬೆರಳನ್ನು ಮುಂದಕ್ಕೆ ಸರಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

ನಾನು ಆಗ “ಸರ್, ಹೆಸರುಗಳನ್ನು ನಿನ್ನೆ ನಾನು ಬದಲಿಸಿದೆ, ಅವಳಿಗೆ ಹೇಳಿಲ್ಲ” ಎನ್ನಬೇಕಿತ್ತು. ಇಂಗ್ಲಿಷಿನಲ್ಲಿ ಹೇಳಿದ್ದರೂ ಒಂದೇ ವಾಕ್ಯ. “ಎಕ್ಸ್‌ಕ್ಯೂಸ್ ಮಿ ಸರ್, ಎ ಸ್ಮಾಲ್ ಸ್ಲಿಪ್” ಎಂದೆ. ಆ ಸಾಲಿಗೆ ಹೋಗಿ ಟೇಲೆಂಡ್ ಎಂದು ಟೈಪು ಮಾಡಿ ಮತ್ತೆ ನಡೆಸಿದೆ. ಹನ್ನೊಂದನೆಯ ಹೊಲಕ್ಕೆ ಏಳು ಗಂಟೆ ಬಂತು.

“ವೆರಿ ಗುಡ್ ಮೇಡಂ. ಸೋ, ಲಾಜಿಕ್ ನಿಮ್ಮದು. ಈ ಹುಡುಗಿ ಹೆಲ್ಪ್ ಮಾಡಿದ್ದಾಳೆ, ಅಲ್ಲವೇ?”

ನಾನು ನಕ್ಕೆ. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಗು ಸಾಕಾಯಿತು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅವಳೇ ಮಾತು ತೆಗೆದಳು. “ಹೆಸರು ಬದ್ಲಿ ಮಾಡೀನಿ ಅಂತ ಒಂದ್ ಮಾತು ಹೇಳಿದ್ರ ಆಗ್ತಿತ್ತಲ್ರಿ ಅಕ್ಕಾ.”

“ಎಕ್ಸ್‌ಟರ್ನಲ್ ಮುಂದೆ ಡೀಸೆಂಟ್ ಆಗಿ ಕಾಣಲಿ ಅಂತ ಕಣೇ.”

“ನಮ್ಮ ತೂಬು ಏನ್ ಮಾಡಿತ್ರಿ, ಡೀಸೆಂಟ್ ಇಲ್ದಂಗ?”

ಅಷ್ಟೇ ಅಂದದ್ದು. ನಾನು ಪ್ರಿನ್ಸಿಪಾಲ್ ಸರ್‌ಗೆ ಹೇಳುತ್ತೇನೆ, ನೀನು ಯೋಚಿಸಬೇಡ ಎಂದೆ. “ಹೇಳ್ರಿ” ಎಂದು ಮೆಟ್ಟಿಲಿಳಿದು ಹೋದಳು.

ಮೂರು ದಿನಕ್ಕೆ ಪ್ರಿನ್ಸಿಪಾಲರು ಕರೆಸಿದರು. ಸಂಡೂರಿಗೆ ನನ್ನ ಹೆಸರು ಬಂದಿತ್ತು. ಮನೆ, ಮಕ್ಕಳು, ದಿನಾ ಅಷ್ಟು ದೂರ ಆಗದು ಎಂದೆ. ಆ ಕೆಲಸ ನನಗೆ ಎಂದೂ ಬೇಕಿರಲಿಲ್ಲ. ಅವರು ಟೀ ತರಿಸಿ ಕೇಳಿದರು: “ಹಂಗಾದ್ರ ಮೇಡಂ, ನಿಮ್ಮ ಪಾರ್ಟ್‌ನರ್ ಹುಡುಗಿ ಹೆಂಗ? ಡ್ರೈ ರನ್ ಭಾಳ ಚಲೋ ಮಾಡ್ತಿದ್ಲು. ಆದ್ರ ಎಕ್ಸ್‌ಟರ್ನಲ್, ತನ್ನ ಪ್ರೋಗ್ರಾಮ್ ತಾನ ಓದಾಕ ಬರಲಿಲ್ಲ ಅಂತ ಬರದಾರ. ನೀವ ಹೇಳ್ರಿ, ಕಳಸಲೇನು?”

ನನಗೆ ಮಾತಾಡಲು ಅವರೇ ಬಾಗಿಲು ತೆರೆದಿಟ್ಟಿದ್ದರು. ನಿಜ ಹೇಳಿದರೆ ನಾನು ವೈವಾದಲ್ಲಿ ಸುಮ್ಮನೆ ನಕ್ಕದ್ದನ್ನೂ ಹೇಳಬೇಕು. ಟೀ ಬಿಸಿಯಿತ್ತು. “ಶಿ ಈಸ್ ಎ ಗುಡ್ ಗರ್ಲ್, ಸರ್” ಎಂದೆ.

ಕಾನ್ವೆಂಟಿನಲ್ಲಿ ಹೇಳಲು ಬೇರೇನೂ ಇಲ್ಲದ ಹುಡುಗಿಯರಿಗೆ ಸಿಸ್ಟರುಗಳು ಬರೆದುಕೊಡುತ್ತಿದ್ದ ಮಾತು ಅದು. ಪ್ರಿನ್ಸಿಪಾಲರು ಅರ್ಥ ಮಾಡಿಕೊಂಡರು. ಕುರ್ಚಿ ವಡ್ಡು ಎಂಬ ಹಳ್ಳಿಯ ಹುಡುಗನೊಬ್ಬನಿಗೆ ಹೋಯಿತು.

ಅವಳು ಸರ್ಟಿಫಿಕೇಟು ಇಸಿದುಕೊಳ್ಳಲು ಬಂದ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಬರುತ್ತಾಳೆಂದು ಗೊತ್ತಿದ್ದೇ ಹೋಗಲಿಲ್ಲ.

ಆ ಮಳೆಗಾಲ ಒಂದು ಸೀಮಂತಕ್ಕೆಂದು ಕಂಪ್ಲಿಗೆ ಹೊರಟಿದ್ದೆ. ಕಾಲುವೆಯ ಸೇತುವೆ ಹತ್ತಿರ ಎದುರಿಗೆ ಹುಲ್ಲಿನ ಗಾಡಿ ಬಂದು ಬಸ್ಸು ನಿಂತಿತು. ಕಿಟಕಿಯ ಕೆಳಗೇ ಗದ್ದೆ, ಹತ್ತಿಪ್ಪತ್ತು ಹೆಂಗಸರು ಸಾಲಾಗಿ ಬಾಗಿ ನಾಟಿ ಮಾಡುತ್ತಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲ್ಲು. ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಅವರಲ್ಲೊಬ್ಬಳು ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗಿ ಬಸ್ಸಿನ ಕಡೆ ತಿರುಗಿದಳು. ಅವಳೋ, ಅಲ್ಲವೋ. ನಾನು ನೋಡಲಿಲ್ಲ. ಸೆರಗು ಹೊದ್ದುಕೊಂಡು, ಎದ್ದು ಆಚೆ ಬದಿಯ ಸೀಟಿಗೆ ಹೋಗಿ ಕೂತೆ. ಆ ಕಡೆಯೂ ಗದ್ದೆಗಳೇ ಇದ್ದವು.